ಹಳದಿ ಗೆರೆಯ ಆಕಾಶನೌಕೆ

"ನನ್ನ ಕಣ್ತಪ್ಪಿಸಿ ಒಂದೇ ಒಂದು ಸ್ಕ್ರೂ ಆಚೆ ಹೋಗಲಿ, ಅವತ್ತೇ ಅಂಗಡಿಗೆ ಬೀಗ ಹಾಕ್ತೀನಿ!"

ಇದು ರಿಪೇರಿರಾಯರ ಭೀಷ್ಮಪ್ರತಿಜ್ಞೆ. ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಅವರದು. ಬಿಚ್ಚಿದ ಪ್ರತಿ ಭಾಗಕ್ಕೂ ಹಳದಿ ಬಣ್ಣದ ಗೆರೆ ಎಳೆಯದೆ ಮುಂದಿನ ಸ್ಕ್ರೂ ಮುಟ್ಟಿದವರಲ್ಲ. ಗಿರಾಕಿ ಜಗಳಕ್ಕೆ ಬಂದರೆ ಗೆರೆಯೇ ಸಾಕ್ಷಿ! ಲೋಕದಲ್ಲಿ ಇರುವವರು ಕದ್ದವರು ಮತ್ತು ಇನ್ನೂ ಕದಿಯಬೇಕಾದವರು, ಇಷ್ಟೇ ಎಂದು ನಂಬಿದ ಮನುಷ್ಯ.

ಇಂಥವರಿಗೆ ಹೊಸ ಹುಚ್ಚು ಹಿಡಿಸಿದವನು ಮನೆಯಲ್ಲೇ ಇದ್ದ ಭಾಮೈದ. ಕಂಪ್ಯೂಟರಿನಲ್ಲಿ ಒಂದು ಆಟ. ಶತ್ರುವಿನ ಆಕಾಶನೌಕೆಯನ್ನು ಹೊಡೆದುರುಳಿಸಿದರೆ ಪುಟ್ಟ ರೋಬೋಟ್‌ಗಳು ಹೋಗಿ ಅದರ ಇಂಜಿನ್ನು, ಫಿರಂಗಿ ಬಿಚ್ಚಿ ತರುತ್ತವೆ. ಜೋಡಿಸಿದ ಕೂಡಲೇ ಅವು ನಮ್ಮ ನೀಲಿ ಬಣ್ಣಕ್ಕೆ ತಿರುಗುತ್ತವೆ. ಗುಜರಿಯಿಂದ ಗಗನಕ್ಕೆ! ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು. ತಿಂಗಳೊಳಗೆ ಆರು ಇಂಜಿನ್ನಿನ ನೌಕೆ ಎದ್ದು ನಿಂತಿತು. ಆ ಖುಷಿಯಲ್ಲಿ, "ಅಂಗಡೀಲಿ ನೀನೇ ನನ್ನ ಪಾಲುದಾರ ಕಣಯ್ಯಾ!" ಎಂದು ಭಾಮೈದನ ಬೆನ್ನನ್ನೂ ತಟ್ಟಿಬಿಟ್ಟರು.

ಆಮೇಲೆ ಆಟದಲ್ಲಿ ಬಣ್ಣ ಬಳಿಯುವ ಗುಂಡಿ ಕಣ್ಣಿಗೆ ಬಿತ್ತು. ಬಿಟ್ಟಾರೆಯೇ? ಒಂದು ಇಂಜಿನ್ನಿಗೆ ಹಳದಿ ಗೆರೆ ಎಳೆದರು. ಕಟ್ಟಿದ ಯಂತ್ರ ಓಡುತ್ತಲೇ ಇರಬೇಕೆಂದು ಆಟ ನಿಲ್ಲಿಸದೆ ಅಂಗಡಿಗೆ ಹೋದರು. ಊಟಕ್ಕೆ ಬಂದು ನೋಡಿದರೆ ಆ ಇಂಜಿನ್ನೇ ಮಾಯ!

ಮರುದಿನ ಇನ್ನೆರಡಕ್ಕೆ ದಪ್ಪ ಗೆರೆ ಎಳೆದರು. ಅವೆರಡೂ ಮಾಯ!

ರಾಯರಿಗೆ ಅನ್ನ ಇಳಿಯಲಿಲ್ಲ. ಕಳ್ಳ ಒಳಗಿನವನೇ! ಮನೆಯ ಚಮಚ, ರಿಮೋಟು, ಕುರ್ಚಿಯ ಕಾಲು, ಎಲ್ಲಕ್ಕೂ ಹಳದಿ ಬಿತ್ತು.

"ರೀ, ನನ್ನ ಬಾಚಣಿಗೆಗೂ ಗೆರೆ ಎಳೆದಿದ್ದೀರಾ?"

"ಕಾಲ ಕೆಟ್ಟಿದೆ ಕಣೇ."

"ಕೆಟ್ಟಿರೋದು ಕಾಲ ಅಲ್ಲ!" ಎಂದು ಹೆಂಡತಿ ಬಾಚಣಿಗೆ ಎಸೆದು ಹೋದರು.

ಭಾನುವಾರ ಬೆಳಿಗ್ಗೆ ವಿಚಾರಣೆ ಶುರುವಾಯಿತು.

"ಏನಪ್ಪಾ, ಇಂಜಿನ್ನು ಯಾರಿಗೆ ಮಾರಿದೆ?"

"ಆಟದ ಇಂಜಿನ್ನು ಯಾರು ಕೊಳ್ತಾರೆ ಭಾವ?"

"ನೋಡಿದೆಯಾ! ಗಿರಾಕೀನೂ ವಿಚಾರಿಸಿಯಾಗಿದೆ!"

ಭಾಮೈದನ ಮುಖ ಸಣ್ಣದಾಯಿತು. ಬಟ್ಟೆ ಚೀಲಕ್ಕೆ ತುರುಕಿದ.

"ಅವನು ಹೊಸಿಲು ದಾಟಿದರೆ ಅವನ ಹಿಂದೇನೇ ನಾನೂ ಹೊರಟೆ," ಎಂದರು ಹೆಂಡತಿ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ರಾಯರು ಕುರ್ಚಿಯಿಂದ ಅರ್ಧ ಎದ್ದರು. ಆದರೂ ಬಾಯಿ ಕೇಳಬೇಕಲ್ಲ! "ಹೋಗಲಿ, ಚೀಲ ತೋರಿಸಿ ಹೋಗಲಿ."

ಭಾಮೈದ ಚೀಲ ಕೆಳಗಿಟ್ಟ. "ಭಾವ, ಉಳಿದ ಮೂರಕ್ಕೂ ಗೆರೆ ಎಳೀರಿ. ಮೂರೂ ಜನ ಕೈಕಟ್ಟಿಕೊಂಡು ನೋಡೋಣ. ಇಂಜಿನ್ನು ಹಾಗೇ ಇದ್ದರೆ ನಾನೇ ಕಳ್ಳ, ಹೋಗ್ತೀನಿ."

ಗೆರೆ ಎಳೆದದ್ದಾಯಿತು. ಮೂವರೂ ಕೈಕಟ್ಟಿ ಕುಳಿತರು. ಎರಡು ನಿಮಿಷ ಏನೂ ಇಲ್ಲ. ರಾಯರು ಗೆದ್ದವರಂತೆ ಕೆಮ್ಮಿದರು.

ಅಷ್ಟರಲ್ಲಿ ನೌಕೆಯ ಹೊಟ್ಟೆಯ ಬಾಗಿಲು ತೆರೆಯಿತು. ರಾಯರ ಸ್ವಂತ ರೋಬೋಟ್‌ಗಳು ಸಾಲಾಗಿ ಹೊರಬಂದು, ರಾಯರ ಸ್ವಂತ ಇಂಜಿನ್ನನ್ನು ಚಕಚಕನೆ ಬಿಚ್ಚಿ, ಚೂರು ಮಾಡಿ, ಉಗ್ರಾಣಕ್ಕೆ ಹೊತ್ತು ಹೋದವು!

"ಅಯ್ಯೋ, ಇವಕ್ಕೇನು ಬಂತು ರೋಗ!"

"ರೋಗ ಅಲ್ಲ ಭಾವ, ನಿಯತ್ತು. ಈ ಆಟದಲ್ಲಿ ಶತ್ರುಗಳ ಬಣ್ಣ ಹಳದಿ. ಹಳದಿ ಕಂಡಲ್ಲಿ ಬಿಚ್ಚೋದೇ ಅವುಗಳ ಕೆಲಸ. ನೀವು ಗೆರೆ ಎಳೆದಿರಿ, ಅವು ಬಿಚ್ಚಿದವು."

ಕೊನೆಯ ಇಂಜಿನ್ನೂ ಹೋಯಿತು. ರಾಯರು ತಲೆ ಎತ್ತಲಿಲ್ಲ. "ತಪ್ಪಾಯ್ತಪ್ಪಾ. ನಾಳೆ ಅಂಗಡಿ ಬಾಗಿಲು ನೀನೇ ತೆಗಿ," ಎಂದು ಬೀಗದ ಕೈ ಮುಂದಿಟ್ಟರು.

ಬೀಗದ ಕೈಗೂ ಹಳದಿ ಗೆರೆ ಇತ್ತು. ಭಾಮೈದ ನಕ್ಕು ಚೀಲದಿಂದ ಬಟ್ಟೆ ಹೊರತೆಗೆಯತೊಡಗಿದ.

ಹೆಂಡತಿ ಮಾತ್ರ ಎದ್ದು ಹೋಗಿ ಹಳದಿ ಬಣ್ಣದ ಡಬ್ಬಿ ತಂದರು. ಕುಂಚ ಅದ್ದಿ, ಗಂಡನ ಅಂಗಿಯ ಮೇಲೆ ಕತ್ತಿನಿಂದ ಹೊಟ್ಟೆಯವರೆಗೆ ಒಂದು ದಪ್ಪ ಗೆರೆ ಎಳೆದರು.

"ಏನೇ ಇದು?"

"ಸುಮ್ಮನೆ ಕೂತ್ಕೊಳ್ಳಿ. ಆ ರೋಬೋಟ್‌ಗಳು ಇತ್ತ ಕಡೆ ಬರಬಹುದು, ನೋಡೋಣ!"