ಬೊಚ್ಚುಬಾಯಿಯ ಕಿಕ್ಕರ್ ಮಹಾಶಯರ ಮೇಲೊಂದು ದೂರು

ಮಾನ್ಯ ಕಿಕ್ಕರ್ ಮಹಾಶಯರೇ,

ಸಂತೆಬಾಚಹಳ್ಳಿಯ ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕನಾಗಿರುವ, ತಮ್ಮನ್ನು ಮೂವತ್ತೊಂದು ವರ್ಷಗಳಿಂದ ತುಳಿಯುತ್ತಲೇ ಬಂದಿರುವ ಶಿವಲಿಂಗಯ್ಯನು ಮಾಡುವ ಅನಂತ ನಮಸ್ಕಾರಗಳು. ತಾವೂ, ತಮಗೆ ಆಶ್ರಯ ಕೊಟ್ಟಿರುವ ನನ್ನ ಹಳೆಯ ಬೈಕಿನ ಗೇರ್ ಬಾಕ್ಸಿನವರೂ, ಅದರೊಳಗಿನ ಆಯಿಲ್ಲೂ ಕ್ಷೇಮವೆಂದು ನಂಬಿದ್ದೇನೆ. ಆ ಆಯಿಲ್ಲಿನ ಅರ್ಧಭಾಗ ನಮ್ಮ ಜಗುಲಿಯ ಮೇಲೂ ಕ್ಷೇಮವಾಗಿದೆ.

ಕಳೆದ ಯುಗಾದಿಯಿಂದೀಚೆಗೆ ತಮ್ಮನ್ನು ತುಳಿದಾಗಲೆಲ್ಲ ತಾವು ‘ಕರಕ್’ ಎಂದು ನಕ್ಕು, ಎಂಜಿನ್ನನ್ನು ಎಬ್ಬಿಸದೆ, ನನ್ನ ಬಲಗಾಲನ್ನು ಮಾತ್ರ ನೆಲಕ್ಕೆ ಮುಟ್ಟಿಸಿ ಕಳಿಸುತ್ತಿದ್ದುದು ತಮ್ಮ ಗಮನಕ್ಕೂ ಬಂದಿರಬಹುದು. ತಮ್ಮ ಕೃಪೆಯಿಂದ ನಾನು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿಕೊಂಡು ಗೇರಿಗೆ ಹಾಕುವ ವಿದ್ಯೆ ಕಲಿತೆ. ಇಲ್ಲಿಂದ ನಾಗಮಂಗಲದವರೆಗೆ ಯಾರ ಮನೆಯ ಮುಂದೆ ಎಷ್ಟು ಇಳಿಜಾರಿದೆ ಎಂಬುದು ಈಗ ನನಗೆ ಬಾಯಿಪಾಠವಾಗಿದ್ದು, ಮನೆಯ ಮುಂದೆ ಸಮತಟ್ಟಾಗಿರುವವರ ಹಸುವಿಗೆ ಕಾಯಿಲೆ ಬಂದರೆ ನನಗೇ ಮೊದಲು ಜ್ವರ ಬರುತ್ತಿತ್ತು.

ಇಷ್ಟನ್ನು ಸಹಿಸಿದ್ದೆ. ಆದರೆ ನನ್ನ ಒಬ್ಬಳೇ ಮಗಳು ಅಕ್ಷಿತಾಳ ಸಂಬಂಧ ಕುದುರಿಸುವ ದಿನವೂ ತಾವು ನಕ್ಕಿದ್ದಕ್ಕೆ ಈ ದೂರು.

ಸಂಬಂಧ ತಂದವರು ನಮ್ಮೂರ ಮರಿಯಯ್ಯನವರು. ಹುಡುಗ ದಿಲೀಪ, ಪಾಂಡವಪುರದ ಕಡೆಯವನು, ಮೈಸೂರಿನ ಯಾವುದೋ ಕಂಪನಿಯಲ್ಲಿ ಸೂಪರ್‌ವೈಸರ್, ಫ್ಯಾನಿನ ಕೆಳಗಿನ ಕೆಲಸ ಎಂದಿದ್ದರು. ಗಂಜಾಂನ ನಿಮಿಷಾಂಬ ಗುಡಿಯಲ್ಲಿ ಎರಡು ಕಡೆಯವರೂ ಸೇರುವುದೆಂದಾಯಿತು. ಹೆಂಡತಿ ಮಗಳು ಬಸ್ಸಿನಲ್ಲಿ ಬಂದರು, ನಾನು ತಮ್ಮನ್ನು ನಂಬಿ ಬಂದೆ. ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದ ಇಳಿಜಾರಿನಲ್ಲಿ ಅಂದು ಕಾರುಗಳು ನಿಂತಿದ್ದವು.

ಹುಡುಗ ನೋಡಲು ಲಕ್ಷಣವಾಗಿದ್ದ. ಆದರೆ ಬಲಗೈಗೆ ಕರ್ಚೀಫು ಸುತ್ತಿಕೊಂಡಿದ್ದ. ತೀರ್ಥಕ್ಕೂ ಬಿಚ್ಚಲಿಲ್ಲ, ಅಲ್ಲಿಯವರೆಗೆ ಜೇಬಿನಲ್ಲಿಟ್ಟಿದ್ದ ಎಡಗೈ ಚಾಚಲು ಹೋಗಿ ಅರ್ಚಕರಿಂದ ಬೈಸಿಕೊಂಡ. ಏನಾಯಿತೆಂದು ನಮ್ಮ ಮನೆಯವರು ವಿಚಾರಿಸಿದರೆ, ಅವನ ತಂದೆ ನಾಗರಾಜು ಉತ್ತರಿಸುವ ಬದಲು ಈ ಸಲದ ಹೊಳೆಯ ನೀರಿನ ವಿಷಯ ತೆಗೆದರು. ಎಲ್ಲರೂ ಒಪ್ಪಿದಂತೆಯೇ ಕಂಡು, ಮುಂದಿನ ಮಾತು ನಮ್ಮ ಮನೆಯಲ್ಲಿ ಎಂದುಕೊಂಡು ಹೊರಗೆ ಬಂದೆವು. ಬೀಗರಾಗುವವರ ಎದುರು ಗತ್ತಿನಿಂದ ಹೊರಡೋಣವೆಂದು ತಮ್ಮ ಮೇಲೆ ಕಾಲಿಟ್ಟೆ. ಕರಕ್. ಮತ್ತೆ ಇಟ್ಟೆ. ಕರಕ್. ಹಣ್ಣುಕಾಯಿ ಅಂಗಡಿಯವರೂ ಎಣಿಸತೊಡಗಿದರು.

ಒಂಬತ್ತನೆಯ ಕರಕ್ಕಿಗೆ ಹುಡುಗನಿಗೆ ತಡೆಯಲಾಗಲಿಲ್ಲ. ಕರ್ಚೀಫು ಬಿಚ್ಚಿ ಜೇಬಿಗೆ ತುರುಕಿ, ತಮ್ಮ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕೈಯಿಂದ ತಮ್ಮನ್ನು ಮೆಲ್ಲಗೆ ಒತ್ತಿ, ಕಿವಿಗೊಟ್ಟು ಹೇಳಿದ:

“ತುಳೀಬೇಡಿ ಸಾ. ಒಳಗಡೆ ಅರ್ಧಚಕ್ರದ ಮೊದಲ್ನೆ ಹಲ್ಲು ಸವ್ದೋಗದೆ. ಇಂಗೇ ತುಳುದ್ರೆ ಮಿಕ್ಕಿದ್ದೂ ಮುರುದೋಯ್ತದೆ.”

ಆ ಕೈಯಲ್ಲಿ ಗಾಯವಿರಲಿಲ್ಲ. ಯಾವ ಸೋಪಿಗೂ ಜಗ್ಗದ ಕಪ್ಪು ಗೆರೆಗಳಿದ್ದವು, ಉಗುರಿನ ಸಂದಿಯಲ್ಲಿ ಗ್ರೀಸಿತ್ತು. ನಾಗರಾಜು ಮುಖ ತಿರುಗಿಸಿಕೊಂಡರು. ಮರಿಯಯ್ಯನವರು ಮರೆತುಹೋದ ಪ್ರದಕ್ಷಿಣೆಯೊಂದನ್ನು ಮುಗಿಸಲು ಗುಡಿಯೊಳಗೆ ಹೋದರು. ಹುಡುಗ ಎದ್ದು ನಿಂತು ತಾನು ಪಾಂಡವಪುರದಲ್ಲಿ ಲೇತ್ ಕೆಲಸ ಮಾಡುವವನೆಂದು ತಾನಾಗಿಯೇ ಒಪ್ಪಿಕೊಂಡ. ನಾನು ಕೂಗಾಡಲು ಬಾಯಿ ತೆರೆಯುವಷ್ಟರಲ್ಲಿ ಅಕ್ಷಿತಾ ಮುಂದೆ ಬಂದಳು.

“ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?”

“ನೀವು ಇಲ್ಲಿಗಂಟ ಬತ್ತಿರ್ಲಿಲ್ಲ.”

“ನಾನು ಬತ್ತಿದ್ದೆ. ನಮ್ಮಪ್ಪ ಬತ್ತಿರ್ಲಿಲ್ಲ.”

ಮಹಾಶಯರೇ, ಇದು ನಿಜ. ಕೈ ಮಸಿಯಾಗದ ಕೆಲಸದ ಹುಡುಗನೇ ಬೇಕೆಂದು ಮರಿಯಯ್ಯನವರಿಗೆ ಕಟ್ಟಾಜ್ಞೆ ಮಾಡಿದ್ದವನು ನಾನೇ. ದಿನವೂ ಭುಜದವರೆಗೆ ಹಸುವಿನೊಳಗೆ ಕೈ ಹಾಕಿ ಅನ್ನ ತಿನ್ನುವ ನಾನು. ಇದನ್ನು ತಾವು ಹಲ್ಲಿಲ್ಲದ ಬಾಯಿಂದ ಹೊರಗೆಡಹಿದ್ದು ಅತ್ಯಂತ ಅಸಭ್ಯ ವರ್ತನೆಯೆಂದು ಈ ಮೂಲಕ ದಾಖಲಿಸುತ್ತೇನೆ. ಆ ಹೊತ್ತಿನಲ್ಲಿ ನನಗೆ ಕೋಪಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು ಎಂಬುದನ್ನೂ.

ಮುಂದಿನ ಭಾನುವಾರ ದಿಲೀಪ ಮನೆಗೆ ಬಂದ. ಮದುವೆಯ ಮಾತಿಗಲ್ಲ, ಹಲ್ಲಿಗಾಗಿ ಎಂದು ಬಾಗಿಲಲ್ಲೇ ಸ್ಪಷ್ಟಪಡಿಸಿದ. ಆಯಿಲ್ ಇಳಿಸಿ ಕವರು ತೆಗೆದಾಗ ತಮ್ಮ ಸ್ಪ್ರಿಂಗು ಹಾರಿ ಕೊಟ್ಟಿಗೆಯ ಹುಲ್ಲಿನೊಳಗೆ ಹೋಯಿತು. ಅದನ್ನು ಹುಡುಕಲು ಅಕ್ಷಿತಾಳೂ ಅವನೂ ಒಂದು ಗಂಟೆ ತೆಗೆದುಕೊಂಡರು. ಐದೇ ನಿಮಿಷಕ್ಕೆ ಅದು ನನ್ನ ಕಣ್ಣಿಗೆ ಬಿದ್ದಿತ್ತು, ನಾನು ಹೇಳಲಿಲ್ಲ. ತಮ್ಮ ಮಾಡೆಲ್ಲಿನ ಹೊಸ ಭಾಗ ಎಲ್ಲೂ ಸಿಗದಾದ್ದರಿಂದ, ಸವೆದ ಹಲ್ಲಿನ ಮೇಲೆ ವೆಲ್ಡಿಂಗಿನಿಂದ ಲೋಹ ತುಂಬಿಸಿ, ಪಕ್ಕದ ಹಲ್ಲಿನ ಅಳತೆಗೆ ಅರದಿಂದ ಉಜ್ಜಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿಮಾಡಿ, ಅದರ ಮುಂದಿನ ಭಾನುವಾರ ತಂದು ಕೂರಿಸಿದ.

ನಾನು ಹಳೆಯ ಅಭ್ಯಾಸಬಲದಿಂದ, ತಾವು ಜಾರಿಯೇ ಜಾರುತ್ತೀರೆಂದು ಮೈಭಾರವನ್ನೆಲ್ಲ ಬಿಟ್ಟು ತುಳಿದೆ. ತಾವು ಹಿಡಿದುಬಿಟ್ಟಿರಿ. ಹಿಡಿದದ್ದಷ್ಟೇ ಅಲ್ಲ, ತಿರುಗಿ ಒದ್ದಿರಿ. ನನ್ನ ಚಪ್ಪಲಿ ಹೋಗಿ ಹಸುವಿನ ಕಲಗಚ್ಚಿನ ಬಾನಿಯೊಳಗೆ ಬಿತ್ತು. ಮಗಳು ಬಿದ್ದು ಬಿದ್ದು ನಕ್ಕಳು. ಎರಡನೆಯ ತುಳಿತಕ್ಕೆ ಎಂಜಿನ್ ಎದ್ದಿತು. ಅದರ ಸದ್ದಿನಲ್ಲಿ ಯಾರಿಗೂ ಕೇಳಿಸಲಾರದೆಂದು ಧೈರ್ಯ ಮಾಡಿ, ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದು ದಿಲೀಪನಿಗೆ ಹೇಳಿದೆ. ಅವನಿಗೆ ಕೇಳಿಸಿತು.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮುಂದಕ್ಕೆ ಸವೆಯುವುದಿದ್ದಲ್ಲಿ ಹದಿನೈದು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಡತಕ್ಕದ್ದು. ಮತ್ತು ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಪಟ್ಟಿಯ ಮೊದಲಿಗೆ ತಮ್ಮ ಹೆಸರು ಹಾಕಿಸಲು ಒಪ್ಪಿಗೆ ನೀಡತಕ್ಕದ್ದು. ಈ ಸಂಬಂಧ ಕುದುರಿಸಿದ್ದು ತಾನೊಬ್ಬನೇ ಎಂದು ಮರಿಯಯ್ಯನವರು ಊರೆಲ್ಲ ಹೇಳಿಕೊಂಡು ಬರುತ್ತಿರುವುದರಿಂದ ಇದು ಅಗತ್ಯವಾಗಿದೆ.

ಇಂತಿ, ಊದಿದ ಮೊಣಕಾಲಿನೊಂದಿಗೆ,
ತಮ್ಮ ವಿಶ್ವಾಸಿ,
ಶಿವಲಿಂಗಯ್ಯ

ವಿ.ಸೂ.: ಎರಡು ದಿನಗಳಿಂದ ತಮ್ಮ ನೆರೆಮನೆಯ ಕ್ಲಚ್ಚಿನವರೂ ಜಾರಲು ಶುರುಮಾಡಿದ್ದಾರೆ. ನನಗಿರುವುದು ಒಬ್ಬಳೇ ಮಗಳೆಂದು ದಯಮಾಡಿ ಅವರಿಗೆ ತಿಳಿಸುವುದು.