ನಂಬರ್ ಪ್ಲೇಟಿನ ಹಿಂದಿದ್ದ ಕೆಂಪು

ನನ್ನ ಕೈಗೆ ಸ್ಕ್ರೂಡ್ರೈವರ್ ಬಂದರೆ ನನಗೆ ಹುರುಪು ಬರುತ್ತದೆ, ಮನೆಯವರಿಗೆ ಭಯ ಬರುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಯಾಕೆ ಆಗಬೇಕೋ ಇನ್ನೂ ಅರ್ಥವಾಗಿಲ್ಲ. ಒಮ್ಮೆ ಮಿಕ್ಸಿ ಬಿಚ್ಚಿ ಜೋಡಿಸಿದಾಗ ಒಂದು ಸ್ಪ್ರಿಂಗು ಮಿಕ್ಕಿತು. ಮಿಕ್ಸಿಯೇನೋ ತಿರುಗಿತು, ಚಟ್ನಿ ಮಾತ್ರ ಗೋಡೆಗೆ ಹೋಯಿತು. ಬೇಕಾದ್ದಕ್ಕಿಂತ ಹೆಚ್ಚು ಸ್ಪ್ರಿಂಗು ಹಾಕಿ ಕಳಿಸಿದವರದ್ದು ತಪ್ಪೇ ಹೊರತು ನನ್ನದಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಕೇಳುವವರಿಲ್ಲ, ಅಷ್ಟೆ.

ಹೀಗಿರುವಾಗ ಹಳೇ ಗಾಡಿಗಳಿಗೆಲ್ಲ ಹೊಸ ನಮೂನೆಯ ನಂಬರ್ ಪ್ಲೇಟು ಹಾಕಿಸಬೇಕೆಂಬ ನಿಯಮ ಬಂತು. ನಮ್ಮದೊಂದು ಕೆಂಪು ಕಾರಿದೆ. ನಮ್ಮದು ಅಂದೆನೇ? ಅದು ನನ್ನ ಹೆಂಡತಿ ಗಿರಿಜಳದು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಟೀಚರು ಅವಳು. ತನ್ನ ಸಂಬಳದಲ್ಲಿ ಕೊಂಡಿದ್ದು, ತಾನೇ ಓಡಿಸುವುದು. ವಿಮೆ ಏಜೆಂಟನಾದ ನಾನು ಬೆಟ್ಟದಪುರ, ಹುಣಸೂರು ಎಂದು ಸ್ಕೂಟರಿನಲ್ಲಿ ಸುತ್ತುತ್ತೇನೆ. ಕಾರಿನ ಕೀ ಅವಳ ಬ್ಯಾಗಿನ ಒಳಜೇಬಿನಲ್ಲಿರುತ್ತದೆ. ಕೊಂಡಾಗಿನಿಂದ ಅಲ್ಲಿಯವರೆಗೂ ಆ ಕೀ ನನ್ನ ಕೈ ಸೇರಿರಲೇ ಇಲ್ಲ.

ಹೊಸ ಪ್ಲೇಟು ಹಾಕುವವರು ಸೋಮವಾರ ಮನೆಗೇ ಬರುವುದೆಂದಾಯಿತು. ಆದರೆ ಗಿರಿಜಳ ಸಹೋದ್ಯೋಗಿಯೊಬ್ಬರ ಕಾರಿನ ಹಳೇ ಪ್ಲೇಟನ್ನು ಯಾರೋ ಮೀಟಿ ತೆಗೆಯಲು ಹೋಗಿ ಬಂಪರೇ ಸೀಳಿತ್ತಂತೆ. ಅವಳಿಗೆ ಅದೇ ಚಿಂತೆ. ನಾನು ಸಮಯ ನೋಡಿ, ಹಿಂದಿನ ದಿನವೇ ನಾನೇ ತೆಗೆದುಕೊಡುತ್ತೇನೆ, ಕೂದಲೆಳೆಯಷ್ಟೂ ಗೀರು ಬೀಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಅಡುಗೆಮನೆಯ ಗೋಡೆಯತ್ತ ಒಮ್ಮೆ ನೋಡಿದಳು. ಮಿಕ್ಸಿಯ ನೆನಪಾಗಿರಬೇಕು.

"ಆಗ್ಲಿ. ಒಂದು ಗೀರೂ ಬೀಳದಂಗೆ ತೆಗೀರಿ, ಕೀ ನಿಮ್ಮ ಕೈಗೇ ಕೊಡ್ತೀನಿ," ಅಂದಳು.

ಶನಿವಾರ ಸಂಜೆಯೇ ತುಕ್ಕು ಹಿಡಿದ ಸ್ಕ್ರೂಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟು ನೆನೆಸಿದೆ. ರಾತ್ರಿ ನಿದ್ದೆಯಲ್ಲೂ ಕಾರು ಓಡಿಸುತ್ತಿದ್ದೆ. ಭಾನುವಾರ ಬೆಳಿಗ್ಗೆ ಮುಂದಿನ ಪ್ಲೇಟು ಮಾತು ಕೇಳುವ ಮಗುವಿನಂತೆ ಬಿಚ್ಚಿಕೊಂಡಿತು. ಹಿಂದಿನದು ಮೊಂಡು. ಸ್ಕ್ರೂ ಬಿಚ್ಚಿದರೂ ಅದು ಡಿಕ್ಕಿಯ ಬಾಗಿಲನ್ನೇ ಕಚ್ಚಿಕೊಂಡಿತ್ತು. ಪ್ಲೇಟು ಬರೆದುಕೊಟ್ಟ ಪುಣ್ಯಾತ್ಮ ಸ್ಕ್ರೂವನ್ನು ನಂಬದೆ ಹಿಂಬದಿಗೆಲ್ಲ ಗಮ್ ಟೇಪು ಅಂಟಿಸಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ನಂಜಣ್ಣ ಬಂದ. ಅವನು ಹೊಗೆಸೊಪ್ಪು ಬೆಳೆಯುವವನು. ಸೊಪ್ಪು ಕಟ್ಟುವ ಕಾಲವಾದ್ದರಿಂದ ಕೈಯಲ್ಲಿ ದಾರದ ಉಂಡೆ ಹಿಡಿದೇ ಓಡಾಡುತ್ತಿದ್ದ.

"ಇದ್ಯಾವ್ ಮಹಾ, ಒಂದ್ ಮಚ್ಚು ಕೊಟ್ಟು ಮೀಟ್ಬುಡಿ ಸಾ, ಕಿತ್ಕಂಡ್ ಬತ್ತದೆ," ಅಂದ.

ಮಚ್ಚು ಎಂದ ಕೂಡಲೇ ಗಿರಿಜ ಕಾರಿಗೆ ಅಡ್ಡ ನಿಂತಳು. ನನಗೆ ಮಾತ್ರ ಅವನ ಮಾತಿಗಿಂತ ಅವನ ಕೈಯಲ್ಲಿದ್ದ ದಾರ ಕಂಡಿತು. ಆಹಾ, ಎಂಥ ಯೋಚನೆ ಹೊಳೆಯಿತೆಂದರೆ ನಾನೇ ಬೆರಗಾದೆ! ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪ್ಲೇಟಿನ ಮೇಲೆ ಹಾಕಿ ಗಮ್ಮು ಮೆತ್ತಗಾಗಲು ಬಿಟ್ಟೆ. ದಾರಕ್ಕೆ ಎಣ್ಣೆ ಸವರಿ, ಪ್ಲೇಟಿನ ಮೇಲಂಚಿನ ಹಿಂದೆ ತೂರಿಸಿ, ಒಂದು ತುದಿ ನಾನು, ಒಂದು ತುದಿ ಗಿರಿಜ ಹಿಡಿದು ಮಜ್ಜಿಗೆ ಕಡೆದ ಹಾಗೆ ಎಳೆಯತೊಡಗಿದೆವು. ದಾರ ಟೇಪನ್ನು ಕೊಯ್ಯುತ್ತ ಇಳಿಯಿತು. ಗಿರಿಜ ನಗುತ್ತಿದ್ದಳು, ನಂಜಣ್ಣ ಕಬಡ್ಡಿ ನೋಡುವವನಂತೆ ಕುಕ್ಕರಗಾಲಲ್ಲಿ ಕೂತಿದ್ದ. ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಒಮ್ಮತದಿಂದ ಏನನ್ನೂ ಮಾಡಿರಲಿಲ್ಲ. ಪ್ಲೇಟು ಮೆತ್ತಗೆ ನನ್ನ ಅಂಗೈಗೆ ಬಿತ್ತು.

ಉಳಿದ ಗಮ್ಮನ್ನು ಎಣ್ಣೆ ಬಟ್ಟೆಯಿಂದ ಒರೆಸಿದೆ. ಒಂದು ಗೀರೂ ಇರಲಿಲ್ಲ. ಕೀಗಾಗಿ ಕೈ ಚಾಚಿ ತಿರುಗಿದರೆ ಗಿರಿಜಳ ನಗು ನಿಂತಿತ್ತು. ಪ್ಲೇಟು ಇದ್ದ ಜಾಗ ಹೊಸ ಕುಂಕುಮದಂತೆ ಕೆಂಪಗೆ ಹೊಳೆಯುತ್ತಿತ್ತು. ಅದರ ಸುತ್ತಲಿದ್ದ ಇಡೀ ಕಾರು ಬಿಸಿಲಿಗೆ ಮಾಸಿ ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ಆ ಇಟ್ಟಿಗೆ ಬಣ್ಣವನ್ನೇ ಕೆಂಪು ಎಂದು ನಾವು ನಂಬಿದ್ದೆವು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮ ಮನೆಗೊಂದು ಶೆಡ್ಡಿದೆ. ಅದರಲ್ಲಿ ನಿಲ್ಲುವುದು ನನ್ನ ಸ್ಕೂಟರು. ಬಿಸಿಲಲ್ಲಿ ನಿಂತರೆ ಸೀಟು ಕಾದು ಕೂರಲಾಗುವುದಿಲ್ಲ ನೋಡಿ. ಕಾರಿಗಾದರೆ ಅದರದೇ ಸೂರಿದೆ, ಸೂರಿಗೊಂದು ಸೂರು ಯಾಕೆ ಎಂದು ನಾನೇ ಹಿಂದೆ ವಾದ ಮಾಡಿ ಗೆದ್ದಿದ್ದೆ. ಗೆದ್ದ ವಾದ ಅದೊಂದೇ ಆದ್ದರಿಂದ ಚೆನ್ನಾಗಿ ನೆನಪಿದೆ. ಅವಳಿಗೂ ನೆನಪಿತ್ತು.

"ಕೊಟ್ಟ ಮಾತಿಗೆ ತಪ್ಪಲ್ಲ, ತಗಳಿ ಕೀ," ಅಂದಳು. "ಸ್ಕೂಟರ್ ಆಚೆಗೆ ತಂದು ಕಾರನ್ನ ನೀವೇ ಶೆಡ್ಡೊಳಗೆ ನಿಲ್ಸಿ."

ನಿಲ್ಲಿಸಿದೆ. ಅಂಗಳದಿಂದ ಶೆಡ್ಡಿಗೆ ಎಷ್ಟು ದೂರವಿದ್ದೀತು? ಅಷ್ಟರಲ್ಲೇ ಕನ್ನಡಿ ಸರಿಮಾಡಿಕೊಂಡು ಎರಡು ಸಲ ಹಾರನ್ನೂ ಹೊಡೆದೆ. ಇಳಿದಾಗ ಅವಳ ಅಂಗೈ ಕೀಗಾಗಿ ಕಾಯುತ್ತಿತ್ತು. "ಕೊಡ್ತೀನಿ ಅಂದಿದ್ದೆ, ಕೊಟ್ಟೆ. ಇಟ್ಕಳಿ ಅಂದಿರ್ಲಿಲ್ಲ," ಎಂದಳು.

ಸೋಮವಾರ ಬಂದ ಹೊಸ ಪ್ಲೇಟು ಹಳೆಯದಕ್ಕಿಂತ ಚಿಕ್ಕದು. ಅದರ ಸುತ್ತ ಆ ಕೆಂಪು ಅಂಚು ಕಟ್ಟಿದಂತೆ ಉಳಿದಿದೆ. ಪಾಲಿಶ್ ಹಾಕಿಸೋಣವೆಂದರೆ ಗಿರಿಜ ಬೇಡವೆನ್ನುತ್ತಾಳೆ. ದಿನಾ ಬೆಳಿಗ್ಗೆ ಅವಳ ಕಾರು ನೆರಳಿನಿಂದ ತಣ್ಣಗೆ ಹೊರಡುತ್ತದೆ. ಖಾಲಿ ಶೆಡ್ಡಿಗೆ ಬೀಗ ಬೀಳುತ್ತದೆ, ಅದರ ಕೀಯೂ ಈಗ ಅವಳ ಬ್ಯಾಗಿನಲ್ಲೇ. ಮಧ್ಯಾಹ್ನ ಊಟ ಮುಗಿಸಿ ಹೊರಡುವ ನಾನು ಅಂಗಳದಲ್ಲಿ ಕಾದ ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿ ಕೂರುತ್ತೇನೆ. ಬೆಟ್ಟದಪುರ ತಲುಪುವ ಹೊತ್ತಿಗೆ ಪ್ಯಾಂಟಿನ ಹಿಂಭಾಗದಲ್ಲಿ ಒಂದು ಚೌಕ ಗುರುತು ಮೂಡಿರುತ್ತದೆ.