ನಡುನೀರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ

ದೋಣಿಯ ಬಳಿ ಶಿಸ್ತು ಇರಬೇಕೆಂದು ನಾನು ಎಷ್ಟು ಪಟ್ಟು ಹಿಡಿಯುತ್ತೇನೆಯೋ, ನಗೆಪಾಟಲಿನ ಸಂಗತಿಗಳು ಅಷ್ಟೇ ಪಟ್ಟು ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತವೆ. ನಾನು ಸೇನೆಯಲ್ಲಿ ಸೈನಿಕರಿಗೆ ದೋಣಿ ನಡೆಸುವುದನ್ನು ಕಲಿಸಿ ನಿವೃತ್ತನಾದವನು. ಸಂಜಯನಗರದಲ್ಲಿ ವಾಸ. ಸ್ವಂತ ದೋಣಿ ಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದವರು ನನ್ನ ಬಳಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಅಂಥವರು ಇದ್ದಾರೆಯೇ ಎಂದು ಕೇಳಬೇಡಿ. ಇದ್ದಾರೆ.

ನನ್ನ ನಿಯಮಗಳು ಮೂರು. ಲೈಫ್ ಜಾಕೆಟ್ ತೊಡದೆ ದೋಣಿ ಹತ್ತಕೂಡದು. ಹತ್ತಿದ ಮೇಲೆ ಎದ್ದು ನಿಲ್ಲಕೂಡದು. ದಡ ಸೇರಿದರೂ ನನ್ನ ಸೀಟಿ ಕೇಳುವ ಮೊದಲು ಕೂತಲ್ಲಿಂದ ಏಳಕೂಡದು. ಈ ಮೂರೂ ಒಂದೇ ಕುಟುಂಬದ ಕೈಗೆ ಸಿಕ್ಕು ಪಟ್ಟ ಪಾಡನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತೇನೆ.

ದೋಣಿ ಕೊಂಡ ಕಾರಣ

ರಾಜಾನುಕುಂಟೆಯ ಕಡೆಯ ಯಜಮಾನರೊಬ್ಬರು. ಹಳೆಯ ಒಕ್ಕಲು ಮನೆತನ. ಹೊಲ ಬಡಾವಣೆಯಾಯಿತು, ಯಜಮಾನರು ಬಿಲ್ಡರ್ ಆದರು. ಒಬ್ಬಳೇ ಮಗಳು, ಪಶುವೈದ್ಯೆ. ಅವಳನ್ನು ನೋಡಲು ಎರಡು ಕಡೆಯವರು ಬಂದರು. ಇಬ್ಬರೂ ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಹೊರಟರು. ಯಾರೂ ಹೇಳಿ ಕಳಿಸಲಿಲ್ಲ. ಹುಡುಗಿ ಮೇಲ್ನೋಟಕ್ಕೆ ಏನೂ ಆಗದವಳಂತೆ ಇದ್ದಳು; ಆದರೆ ಮೂರನೆಯ ಸಲ ಟ್ರೇ ಹಿಡಿದು ಬರುವುದಿಲ್ಲ ಎಂದುಬಿಟ್ಟಳು.

ಯಜಮಾನರು ಮೋಟರ್ ದೋಣಿಯೊಂದನ್ನು ಕೊಂಡು ನನ್ನ ಬಾಗಿಲಿಗೆ ಬಂದರು.

"ಮೂರ್ನೇ ಪಾರ್ಟಿ ಬತ್ತಾವ್ರೆ ಸಾರ್. ಈ ಸಲ ಸಾಸ್ತ್ರ ದೋಣೀಲಿ."

"ಮನೆಯಲ್ಲಿ ಏನು ತೊಂದರೆ?" ಎಂದು ಕೇಳಿದೆ.

"ಮನೇಲಿ ನೋಡ್ದೋರು ಮರ್ತೋಯ್ತಾರೆ ಸಾರ್. ನೀರಲ್ಲಿ ನೋಡ್ದೋರು ಮರೀತಾರಾ?"

ಸೇನೆಯಲ್ಲಿ ಇಷ್ಟು ಸ್ಪಷ್ಟವಾದ ಯೋಜನೆಯನ್ನು ನಾನು ಕಂಡಿರಲಿಲ್ಲ. ಒಪ್ಪಿಕೊಂಡೆ.

ನಿಂಬೆಹಣ್ಣು

ನಮ್ಮ ಕಡೆಯ ಕೆರೆಗಳಲ್ಲಿ ಆ ದೋಣಿಯನ್ನು ಇಳಿಸುವಂತಿರಲಿಲ್ಲ. ಆದುದರಿಂದ ಬಯಲುಸೀಮೆಯ ಒಂದು ದೊಡ್ಡ ಜಲಾಶಯದಲ್ಲಿ ಅನುಮತಿ ಪಡೆದು, ಮೊದಲು ಅಭ್ಯಾಸಕ್ಕೆಂದು ಯಜಮಾನರು, ಅವರ ಹೆಂಡತಿ, ಮಗಳು ಮತ್ತು ನಾನು ಹೋದೆವು. ಸುತ್ತ ಮಳೆ ಕಾಣದ ಬೋಳು ಗುಡ್ಡಗಳು, ಜಾಲಿ ಮುಳ್ಳು, ಬಿಸಿಲು. ನಡುವೆ ಕಣ್ಣಿಗೆ ಎಟುಕುವವರೆಗೆ ನೀರು.

ಹೊಸ ವಾಹನವೆಂದ ಮೇಲೆ ಪೂಜೆ ಆಗಬೇಕು. ಯಜಮಾನರು ನಿಂಬೆಹಣ್ಣು ಹಿಡಿದು ದೋಣಿಯನ್ನು ಎರಡು ಸುತ್ತು ಬಂದರು.

"ಸಾರ್, ಚಕ್ರ ಎಲ್ಲದೆ?"

"ದೋಣಿಗೆ ಚಕ್ರ ಇರುವುದಿಲ್ಲ."

"ಮತ್ತೆ ನಿಂಬೆಅಣ್ಣು ಯಾವ್ದರ ಕೆಳಗೆ ಮಡಗೋದು?"

ದೋಣಿಯನ್ನು ಹೊತ್ತು ತಂದ ಗಾಡಿಯ ಚಕ್ರಕ್ಕೆ ಇಡಬಹುದೆಂದೆ. ಯಜಮಾನಿ ಒಪ್ಪಲಿಲ್ಲ. "ಅದು ಗಾಡಿಗಾಯ್ತದೆ. ದೋಣಿ ದೃಷ್ಟಿ ಯಾರು ತೆಗೀತಾರೆ?" ಅವರ ವಾದವನ್ನು ಒಪ್ಪಿ ಗಾಡಿಯನ್ನು ಪಕ್ಕಕ್ಕೆ ಸರಿಸಿದೆ.

ಕೊನೆಗೆ ಹಣ್ಣುಗಳನ್ನು ನೀರಿನ ಮೇಲೆಯೇ ಬಿಟ್ಟರು. ದೋಣಿ ಮುಂದೆ ಹೋಯಿತು. ಅಲೆ ತಳ್ಳಿದಂತೆ ಹಣ್ಣುಗಳು ಪಕ್ಕಕ್ಕೆ ಸರಿದವು. ಒಂದೂ ಅಪ್ಪಚ್ಚಿಯಾಗಲಿಲ್ಲ. ಯಜಮಾನರು ಹಿಂದಕ್ಕೆ ತೆಗೆಸಿದರು. ಮತ್ತೆ ಮುಂದೆ. ಮತ್ತೆ ಹಿಂದೆ. ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬ ಬಹಳ ಹೊತ್ತು ನೋಡಿ ಕೂಗಿದ:

"ಸ್ವಾಮೀ, ನಿಮ್ದು ನಿಂಬೆಹಣ್ಣಿಗೆ ಹೆದರೋ ದೋಣಿನಾ?"

ಯಜಮಾನರು ಒಂದು ಹಣ್ಣನ್ನು ಎತ್ತಿ ದೋಣಿಯ ಡಬ್ಬಿಯಲ್ಲಿ ಭದ್ರಪಡಿಸಿದರು. ಮುಂದೊಂದು ದಿನ ಕೆಲಸ ಮಾಡೇ ಮಾಡುತ್ತದೆ ಎಂದರು.

ನೋಡತಕ್ಕ ಸ್ಥಳಗಳು

ಬೀಗರಾಗುವವರಿಗೆ ಏನೇನು ತೋರಿಸಬೇಕೆಂದು ನಾನು ಕ್ರಮವಾಗಿ ಗೊತ್ತುಮಾಡಿದೆ. ಮೊದಲು ಅಣೆಕಟ್ಟೆಯ ಕಲ್ಲುಗೋಡೆ. ಅನಂತರ, ಮುಳುಗಿದ ಹುಣಸೆಮರದ ತುದಿಯಲ್ಲಿ ರೆಕ್ಕೆ ಒಣಗಿಸುವ ನೀರುಕಾಗೆಗಳು. ಕೊನೆಗೆ ನಡುನೀರಿನ ಬಂಡೆ. ಅಲ್ಲಿ ಬುತ್ತಿ ಬಿಚ್ಚಬಹುದು.

ಅಭ್ಯಾಸದ ಸುತ್ತಿನಲ್ಲಿ ಹುಡುಗಿ ಚುಕ್ಕಾಣಿ ಹಿಡಿದಿದ್ದಳು. ಎರಡೇ ಪಾಠಕ್ಕೆ ಕಲಿತಳು. ಒದೆಯುವ ಎಮ್ಮೆಗಿಂತ ಇದು ಸುಲಭ ಸರ್, ಎಂದಳು. ಯಜಮಾನರು ಮಾತ್ರ ಅಣೆಕಟ್ಟೆ ನೋಡಲಿಲ್ಲ, ಹಕ್ಕಿ ನೋಡಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ನೀರನ್ನೇ ಅಳೆಯುತ್ತಿದ್ದರು.

"ಏನು ನೋಡುತ್ತಿದ್ದೀರಿ?" ಎಂದೆ.

"ಎಂಥಾ ಸಮತಟ್ಟು ಸಾರ್! ಆ ಬಂಡೆ ಬಿಟ್ರೆ ಒಂದ್ ಕಲ್ಲಿಲ್ಲ, ಒಂದ್ ಅಳ್ಳ ಇಲ್ಲ. ಇದ್ರಲ್ಲಿ ಎಷ್ಟು ಸೈಟ್ ಬೀಳ್ತಿತ್ತು!"

"ಅಪ್ಪಾ, ಇದು ನೀರು," ಎಂದಳು ಮಗಳು.

"ಗೊತ್ತು ಕಣಮ್ಮ. ಅದೊಂದೇ ತೊಂದ್ರೆ."

ಜಾಕೆಟ್

ಶಾಸ್ತ್ರದ ದಿನ ಬಂದಿತು. ಹುಡುಗನ ತಂದೆಗೆ ಯಶವಂತಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಅದನ್ನು ಈಗ ಹುಡುಗನೇ ನೋಡಿಕೊಳ್ಳುತ್ತಿದ್ದ. ತಂದೆ, ತಾಯಿ, ಹುಡುಗ ಮೂವರೂ ತಕರಾರಿಲ್ಲದೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟರು. ತಕರಾರು ಬಂದದ್ದು ಹುಡುಗಿಯ ಕಡೆಯ ಯಜಮಾನಿಯವರಿಂದ. ರೇಷ್ಮೆ ಸೀರೆ, ಕಾಸಿನ ಸರ, ಎಲ್ಲವೂ ಜಾಕೆಟ್ಟಿನೊಳಗೆ ಮುಚ್ಚಿಹೋಗುತ್ತದೆ.

"ಬೀಗ್ರಿಗೆ ಏನ್ ಕಾಣ್ತದೆ ಸಾರ್? ನಾನು ಗ್ಯಾಸ್ ಸಿಲಿಂಡರ್ ಇದ್ದಂಗೆ ಇರ್ತೀನಿ."

"ನಿಯಮವೆಂದರೆ ನಿಯಮ," ಎಂದೆ.

ಅವರು ಕಾರಿನ ಹಿಂದೆ ಹೋದರು. ಮರಳಿದಾಗ ಜಾಕೆಟ್ ತೊಟ್ಟಿದ್ದರು. ಪಟ್ಟಿಗಳು ನಾನು ಹೇಳಿದಷ್ಟೇ ಬಿಗಿ. ಅದರ ಮೇಲೆ ಕಾಸಿನ ಸರ. ಅದರ ಮೇಲೆ ಎರಡೆಳೆ ಸರ. ಸೊಂಟದ ಪಟ್ಟಿಯ ಮೇಲೆ ಬಂಗಾರದ ಡಾಬು. ನಿಯಮದಲ್ಲಿ ಇದನ್ನು ತಡೆಯುವ ಮಾತು ಇರಲಿಲ್ಲ. ಹುಡುಗನ ತಾಯಿ ಒಂದು ಕ್ಷಣ ನೋಡಿದರು. ತಮ್ಮ ಸರವನ್ನೂ ಮೆಲ್ಲಗೆ ಹೊರಗೆಳೆದು ಜಾಕೆಟ್ಟಿನ ಮೇಲೆ ಹಾಕಿಕೊಂಡರು.

ಹೇಳಿ ಕಳಿಸ್ತೀವಿ

ಶಾಸ್ತ್ರಕ್ಕೆ ಒಂದು ಅಡಚಣೆಯಿತ್ತು. ಹುಡುಗಿ ಟ್ರೇ ಹಿಡಿದು ನಡೆದು ಬರಬೇಕು; ಹಿರಿಯರಿಗೆ ನಮಸ್ಕರಿಸಬೇಕು. ನನ್ನ ದೋಣಿಯಲ್ಲಿ ಯಾರೂ ಎದ್ದು ನಿಲ್ಲುವಂತಿಲ್ಲ. ಆದುದರಿಂದ ಕೇಸರಿಬಾತಿನ ಟ್ರೇ ಕೈಯಿಂದ ಕೈಗೆ ಸಾಗಿತು. ಚುಕ್ಕಾಣಿ ಹಿಡಿದು ಕೂತಿದ್ದ ಹುಡುಗಿಯ ಕೈಗೆ ಅದನ್ನು ದಾಟಿಸುವ ಸರದಿ ಪಕ್ಕದಲ್ಲಿದ್ದ ಹುಡುಗನದು; ದಾಟಿಸಿದ.

"ನೋಡೋಕೆ ಬಂದೋನೇ ಬಡಿಸ್ತಾ ಇದಾನಲ್ರೀ!" ಎಂದು ಅವನ ತಂದೆ ನಕ್ಕರು.

ಅಷ್ಟರಲ್ಲಿ ದೋಣಿಯ ಓಲಾಟಕ್ಕೆ ಹುಡುಗನ ಮುಖ ಬಿಳಿಚಿಕೊಂಡಿತು. ಬಾಯಿಗೆ ಕರವಸ್ತ್ರ ಒತ್ತಿ ದೋಣಿಯ ಅಂಚಿಗೆ ಬಾಗಿದ. ಹುಡುಗಿ ಎಂಜಿನ್ ನಿಲ್ಲಿಸಿ, ಡಬ್ಬಿಯಿಂದ ಆ ಹಳೆಯ ನಿಂಬೆಹಣ್ಣನ್ನು ತೆಗೆದು, ಉಗುರಿನಿಂದ ಗೀರಿ ಅವನ ಕೈಗಿತ್ತಳು.

"ಮೂಸಿ ನೋಡ್ತಾ ಇರಿ. ನೀರು ನೋಡ್ಬೇಡಿ, ದೂರದ ಗುಡ್ಡ ನೋಡಿ."

ಅವನು ಮೂಸಿದ. ಗುಡ್ಡದ ಬದಲು ಅವಳನ್ನು ನೋಡಿದ. ಮುಖಕ್ಕೆ ಬಣ್ಣ ಮರಳಿತು.

"ನಾನೇಳ್ಲಿಲ್ವಾ ಸಾರ್, ನಿಂಬೆಅಣ್ಣು ಕೆಲ್ಸ ಮಾಡ್ತದೆ ಅಂತ?" ಎಂದು ಯಜಮಾನರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಆಗ ಹುಡುಗನ ತಂದೆ ಗಂಟಲು ಸರಿಪಡಿಸಿಕೊಂಡರು. "ತುಂಬಾ ಸಂತೋಷ. ಎಲ್ಲಾ ಚೆನ್ನಾಗಿತ್ತು. ಊರಿಗೆ ಹೋಗಿ ಹೇಳಿ ಕಳಿಸ್ತೀವಿ."

ಯಜಮಾನರ ಮುಖ ಇಳಿದುಹೋಯಿತು. ಯಜಮಾನಿ ಸರ ಸರಿಪಡಿಸುವುದನ್ನು ನಿಲ್ಲಿಸಿದರು. ಹುಡುಗಿ ಚುಕ್ಕಾಣಿಯ ಮೇಲೆ ಕೈಯಿಟ್ಟು ಶಾಂತವಾಗಿ ಕೇಳಿದಳು:

"ಊರಿಗೆ ಹೇಗ್ ಹೋಗ್ತೀರಾ ಅಂಕಲ್?"

ಎಲ್ಲರೂ ಸುತ್ತ ನೋಡಿದರು. ನಾಲ್ಕೂ ಕಡೆ ನೀರು.

"ಒಪ್ಪಿಗೆ ಅಂದ್ಬಿಡೋಣಪ್ಪಾ!" ಎಂದ ಹುಡುಗ.

"ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದಳು ಹುಡುಗಿ. "ನೀರಿನ ಮಧ್ಯ ಯಾರಾದ್ರೂ ಒಪ್ಕೊಳ್ತಾರೆ. ದಡಕ್ಕೆ ಕರ್ಕೊಂಡು ಹೋಗ್ತೀನಿ. ಹೌದೋ ಇಲ್ವೋ, ಅಲ್ಲೇ ಮುಖ ನೋಡಿ ಹೇಳಿ. ಹೇಳಿ ಮಾತ್ರ ಕಳಿಸ್ಬೇಡಿ."

ಎಂಜಿನ್ ಶುರುವಾಯಿತು. ಹುಡುಗಿ ದೋಣಿಯನ್ನು ದಡದ ಕಡೆಗೆ ತಿರುಗಿಸಿದಳು. ದಡ ಇನ್ನೂ ಎರಡು ಮಾರು ಇರುವಾಗಲೇ ಹುಡುಗ ಆತುರದಿಂದ ಎದ್ದು ನಿಂತ. ನನ್ನ ಎರಡನೆಯ ನಿಯಮ ಏಕಿದೆಯೆಂದು ಮರುಕ್ಷಣವೇ ಅವನಿಗೆ ತಿಳಿಯಿತು.

ಬಿದ್ದದ್ದು ಮೊಣಕಾಲುದ್ದ ನೀರಿಗೆ. ನಿಂಬೆಹಣ್ಣನ್ನು ಬಿಡದೆ ಹಾಗೆಯೇ ಕುಳಿತಿದ್ದ.

"ಎದ್ದೇಳ್ರೀ, ಆಳ ಇಲ್ಲ!" ಎಂದಳು ಹುಡುಗಿ.

"ಸರ್ ಇನ್ನೂ ಸೀಟಿ ಊದಿಲ್ಲ. ಒಂದ್ಸಲ ತಪ್ಪಿದ್ದಕ್ಕೆ ಇಷ್ಟಾಗಿದೆ," ಎಂದ ಅವನು ನೀರಿನಲ್ಲಿ ಕೂತೇ. ಅನಂತರ ಅವಳ ಮುಖ ನೋಡಿ, "ಇದು ದಡ ತಾನೇ? ನಂಗೆ ಒಪ್ಪಿಗೆ," ಎಂದ.

ಅವಳು ಅಂದು ಮೊದಲ ಬಾರಿಗೆ ಜೋರಾಗಿ ನಕ್ಕಳು. "ನಂಗೂ. ಸರ್, ಊದಿಬಿಡಿ, ಪಾಪ."

ಊದಿದೆ.

ಮದುವೆ ಯಲಹಂಕದ ಛತ್ರದಲ್ಲಿ ನಡೆಯಿತು. ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಹಾರ ಬದಲಾಯಿಸುವ ಹೊತ್ತು ಬಂದು ಪುರೋಹಿತರು ವರನಿಗೆ ಎದ್ದು ನಿಲ್ಲಲು ಹೇಳಿದರು. ಅವನು ಏಳಲಿಲ್ಲ. ಮತ್ತೆ ಹೇಳಿದರು. ಅವನು ನನ್ನನ್ನೇ ನೋಡುತ್ತಿದ್ದ. ವಧು ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಿದ್ದಳು. ಬೇರೆ ದಾರಿ ಕಾಣದೆ ಜೇಬಿನಿಂದ ಸೀಟಿ ತೆಗೆದು ಊದಿದೆ.

ವರ ಎದ್ದ. ಅವನೊಡನೆ ಇಡೀ ಛತ್ರವೇ ಎದ್ದು ನಿಂತಿತು. ಅಷ್ಟು ಶಿಸ್ತಿನ ಮದುವೆಯನ್ನು ನಾನು ಬೇರೆಲ್ಲೂ ನೋಡಿಲ್ಲ.